ಶಂಕೆ ಬೇರೆ, ಅಪರಾಧ ಬೇರೆ



2024ರ ಡಿಸೆಂಬರ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಒಂದು ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಕ್ಟೋಬರ್‌ನಲ್ಲಿ ಸಿಂಧನೂರು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರ ಸಾವುಗಳ ಸುದ್ದಿ ಅದು. ನಡೆದದ್ದು ಅಕ್ಟೋಬರ್‌ನಲ್ಲಿ, ಊರ ಹೊರಗಿನವರಿಗೆ ಗೊತ್ತಾದದ್ದು ಡಿಸೆಂಬರ್‌ನಲ್ಲಿ. ಈ ಎರಡರ ನಡುವಿನ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯ ದುರಂತ ನಡೆಯಿತು. ಬಳ್ಳಾರಿಯ ಸಾವುಗಳು ರಾಜ್ಯದ ಗಮನ ಸೆಳೆದ ಮೇಲೆಯೇ ಸಿಂಧನೂರಿನ ಸಾವುಗಳನ್ನು ಹಿಂದಿರುಗಿ ನೋಡಲಾಯಿತು. ಸಿಂಧನೂರಿನ ಸಾವುಗಳಿಗೆ ಔಷಧವೇ ಕಾರಣ ಎಂದು ನಾನು ಇಲ್ಲಿ ಹೇಳುತ್ತಿಲ್ಲ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಔಷಧ ಕಾರಣವಿರಬಹುದೇ ಎಂಬ ಅನುಮಾನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದರೆ, ಅದು ಯಾರ ಬಳಿಗೆ ಹೋಗಬೇಕು, ಎಷ್ಟು ದಿನದಲ್ಲಿ ಹೋಗಬೇಕು, ಹೋದ ಮೇಲೆ ಏನಾಗಬೇಕು? ನಮ್ಮ ಔಷಧ ಕಾನೂನು ಅಪರಾಧವನ್ನು ಹಿಡಿಯಲು ಕಟ್ಟಿದ ಕಾನೂನು. ಅನುಮಾನವನ್ನು ನಿಭಾಯಿಸಲು ಅದರಲ್ಲಿ ಜಾಗ ತೀರ ಕಡಿಮೆ. ಕಂಪನಿಯನ್ನು ಶಿಕ್ಷಿಸಲು ಬೇಕಾದ ಪುರಾವೆಯೇ ಬಾಟಲಿಯನ್ನು ಕಪಾಟಿನಿಂದ ಕೆಳಗಿಳಿಸಲೂ ಬೇಕು ಎಂಬಂತೆ ನಮ್ಮ ವ್ಯವಸ್ಥೆ ನಡೆದುಕೊಳ್ಳುತ್ತದೆ. ಇವೆರಡನ್ನೂ ಬಿಡಿಸದೆ ಔಷಧ ಸುರಕ್ಷತೆಯ ಮಾತಿಗೆ ಅರ್ಥವಿಲ್ಲ ಎಂಬುದೇ ಈ ಉಪನ್ಯಾಸದ ವಾದ.

ಬಳ್ಳಾರಿಯಲ್ಲಿ ನಡೆದದ್ದನ್ನು ಮೊದಲು ನೆನೆಯೋಣ. 2024ರ ನವೆಂಬರ್ 9ರಿಂದ 11ರವರೆಗೆ ಆ ಆಸ್ಪತ್ರೆಯಲ್ಲಿ 34 ಸಿಸೇರಿಯನ್‌ಗಳಾದವು. ಏಳು ಮಂದಿಗೆ ಮೂತ್ರಪಿಂಡ ಕೈಕೊಟ್ಟಿತು, ಬಹು ಅಂಗಾಂಗಗಳು ಸೋತವು. ಕೊನೆಗೆ ಐವರು ತೀರಿಕೊಂಡರು. ಅನುಮಾನ ಬಿದ್ದದ್ದು ಪಶ್ಚಿಮ್ ಬಂಗ ಫಾರ್ಮಾಸ್ಯೂಟಿಕಲ್ಸ್ ತಯಾರಿಸಿ, ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಬಂದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ, ನೀರು ಕಳೆದುಕೊಂಡವರಿಗೆ ಕೊಡುವ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳೂ ಲ್ಯಾಕ್ಟೇಟೂ ಇರುವ ತೀರ ಸಾಮಾನ್ಯ ದ್ರಾವಣ ಅದು. ಅದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಅದಕ್ಕೂ ಮೊದಲೇ 'ಗುಣಮಟ್ಟದ್ದಲ್ಲ' ಎಂದು ಹೇಳಿತ್ತು. ಕಂಪನಿ ಕೋರ್ಟಿನ ದಾರಿ ಹಿಡಿದು ಮಾದರಿಯನ್ನು ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಕಳಿಸಿತು, ಅಲ್ಲಿಂದ 'ಗುಣಮಟ್ಟ ಸರಿಯಿದೆ' ಎಂಬ ವರದಿ ಬಂತು, ತಡೆ ಸಡಿಲವಾಯಿತು. ಸಾವುಗಳಾದ ಮೇಲೆ ಔಷಧ ನಿಯಂತ್ರಕರ ಅಮಾನತು, ಕಂಪನಿ ಕಪ್ಪುಪಟ್ಟಿಗೆ. ಎರಡು ತಿಂಗಳೊಳಗೆ, 2025ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿ ಸತ್ತು, ಅದೇ ಕಂಪನಿಯ ದ್ರಾವಣದ ಹೆಸರು ಅಲ್ಲೂ ಕೇಳಿಬಂತು. ಕರ್ನಾಟಕದಲ್ಲಿ ಇಷ್ಟೆಲ್ಲ ಗದ್ದಲವಾದ ಮೇಲೂ.

ಎರಡು ಸರ್ಕಾರಿ ಪ್ರಯೋಗಾಲಯಗಳು ಒಂದೇ ಕಂಪನಿಯ ಸರಕಿನ ಬಗ್ಗೆ ಎದುರುಬದುರು ಮಾತಾಡಿದಾಗ, ಒಬ್ಬರು ಸುಳ್ಳು ಹೇಳಿರಬೇಕು ಎಂದು ಜನ ತಿಳಿಯುವುದು ಸಹಜ. ಹಾಗೆಯೇ ಇರಬೇಕಿಲ್ಲ, ಇಬ್ಬರೂ ನಿಜವನ್ನೇ ಹೇಳಿರಬಹುದು. ಸಿಂಧನೂರಿನ ಮಾರುಕಟ್ಟೆಯಲ್ಲಿ ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು ನೋಡುವ ವ್ಯಾಪಾರಿಗೆ ಈ ವಿಷಯ ಚೆನ್ನಾಗಿ ಗೊತ್ತು: ತೇವ ಇಡೀ ಚೀಲಕ್ಕೆ ಹರಡಿದ್ದರೆ ಒಂದು ಹಿಡಿ ಸಾಕು, ಒಂದು ಮೂಲೆಯಲ್ಲಿ ಮಾತ್ರ ನೀರು ಇಳಿದಿದ್ದರೆ ಸಾಲದು. ಔಷಧದಲ್ಲೂ ದೋಷ ಎರಡು ಬಗೆಯದು. ಲವಣದ ಪ್ರಮಾಣ ತಪ್ಪಿದ್ದರೆ ಬ್ಯಾಚಿನ ಬಹುತೇಕ ಎಲ್ಲ ಬಾಟಲಿಯಲ್ಲೂ ತಪ್ಪಿರುತ್ತದೆ. ಯಾವುದನ್ನು ಪರೀಕ್ಷಿಸಿದರೂ ಸಿಕ್ಕಿಬೀಳುತ್ತದೆ. ಸೂಕ್ಷ್ಮಾಣು ಸೇರಿದ್ದರೆ ಅದು ನೂರರಲ್ಲಿ ಒಂದೋ ಎರಡೋ ಬಾಟಲಿಯಲ್ಲಿರಬಹುದು. ಲೆಕ್ಕ ಸರಳ. ನೂರಕ್ಕೊಂದು ಬಾಟಲಿ ಕೆಟ್ಟಿರುವ ಒಂದು ದೊಡ್ಡ ಬ್ಯಾಚಿನಿಂದ ಹತ್ತು ಬಾಟಲಿ ತೆಗೆದು ಪರೀಕ್ಷಿಸಿದರೆ, ಆ ಹತ್ತೂ ಒಳ್ಳೆಯವೇ ಆಗಿರುವ ಸಾಧ್ಯತೆ ಶೇ 90. ಇಪ್ಪತ್ತು ತೆಗೆದರೂ ಶೇ 82. ಅಂದರೆ ಕೆಟ್ಟ ಬ್ಯಾಚು ಪರೀಕ್ಷೆಯಲ್ಲಿ ಪಾಸಾಗುವುದೇ ಹೆಚ್ಚು. ಇನ್ನೊಂದು ಬದಿಯಿಂದ ನೋಡಿ: ಆ ಬ್ಯಾಚಿನಲ್ಲಿ ಹತ್ತು ಸಾವಿರ ಬಾಟಲಿಗಳಿದ್ದರೆ ನೂರು ಕೆಟ್ಟ ಬಾಟಲಿಗಳು ನೂರು ಜನರ ರಕ್ತನಾಳಕ್ಕೆ ಹೋಗುತ್ತವೆ. ಬಾಯಿಂದ ನುಂಗಿದ್ದಕ್ಕೆ ಜಠರದ ಆಮ್ಲದ ಕಾವಲಾದರೂ ಇದೆ; ರಕ್ತನಾಳಕ್ಕೆ ಯಾವ ಕಾವಲೂ ಇಲ್ಲ. ಸಾಲದ್ದಕ್ಕೆ, ಕಾಯಿಸಿ ಸೂಕ್ಷ್ಮಾಣುವನ್ನು ಕೊಂದರೂ ಅದರ ಹೊದಿಕೆಯ ವಿಷ, ಎಂಡೋಟಾಕ್ಸಿನ್, ಉಳಿಯುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 1972ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸ್ ದ್ರಾವಣ ಪಡೆದ ರೋಗಿಗಳು ಸತ್ತರು. ಕಾರ್ಖಾನೆಯ ಆಟೋಕ್ಲೇವಿನೊಳಗೆ ಗಾಳಿ ಸಿಕ್ಕಿಕೊಂಡು, ಕೆಳಭಾಗದ ಬಾಟಲಿಗಳಿಗೆ ಕಾವು ತಗಲಿರಲಿಲ್ಲ. ಮೇಲಿನವು ಸರಿಯಾಗಿ ಶುದ್ಧಿಯಾಗಿದ್ದವು. ಒಂದೇ ಬ್ಯಾಚ್, ಒಂದೇ ಸಂಖ್ಯೆ, ಆದರೆ ಒಂದು ಬಾಟಲಿ ಔಷಧ, ಇನ್ನೊಂದು ವಿಷ. ಆ ಪ್ರಕರಣದ ವಿಚಾರಣೆಯಿಂದ ಜಗತ್ತಿನ ಔಷಧ ತಯಾರಕರು ಕಲಿತದ್ದೆಂದರೆ, ನಿರ್ಜಂತುಕತೆಯನ್ನು ಕೊನೆಯ ಪರೀಕ್ಷೆಯಿಂದ ಸಾಬೀತು ಮಾಡಲು ಆಗುವುದಿಲ್ಲ, ತಯಾರಿಕೆಯ ಪ್ರತಿ ಹಂತದಲ್ಲೂ ಕಟ್ಟಿಕೊಳ್ಳಬೇಕು ಎಂಬುದು. 2023ರ ಡಿಸೆಂಬರ್‌ನ ಅಧಿಸೂಚನೆಯ ಮೂಲಕ ಭಾರತ ಪರಿಷ್ಕರಿಸಿದ ಶೆಡ್ಯೂಲ್ ಎಂ ಎಂಬ ತಯಾರಿಕಾ ನಿಯಮಗಳಲ್ಲೂ ಈ ತಿಳಿವಳಿಕೆ ಇದೆ. ತಯಾರಕನಿಗೆ ನಾವು ಹೇಳುವ ಈ ಮಾತನ್ನು ನಾವೇ, ಅಂದರೆ ಸರ್ಕಾರ, ಔಷಧ ಕೊಳ್ಳುವಾಗ ಮರೆಯುತ್ತೇವೆ. ಪ್ರಯೋಗಾಲಯದ ಒಂದು ಹಾಳೆಯನ್ನು ಹಿಡಿದು 'ಸುರಕ್ಷಿತ' ಎನ್ನುತ್ತೇವೆ. ಆ ಹಾಳೆ ಹೇಳುವುದು ಪರೀಕ್ಷೆಗೆ ಹೋದ ಬಾಟಲಿಗಳ ಬಗ್ಗೆ ಮಾತ್ರ.

ಔಷಧ ಒದಗಿಸುವುದು ಅರಸನ ಕರ್ತವ್ಯ ಎಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ರಾಯಚೂರು ಜಿಲ್ಲೆಯ ಮಸ್ಕಿ ಎಂದೊಡನೆ ಎಲ್ಲರೂ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೆನೆಯುತ್ತಾರೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಮಾತು ಮಾತ್ರ ಮಸ್ಕಿಯ ಬಂಡೆಯಲ್ಲಿಲ್ಲ, ಅವನ ಎರಡನೆಯ ಬೃಹತ್ ಶಿಲಾಶಾಸನದಲ್ಲಿದೆ. ಒದಗಿಸಿದ ಔಷಧ ಸರಿಯಿದೆಯೇ ಎಂದು ಸರ್ಕಾರ ಪರೀಕ್ಷಿಸುವ ಕಾನೂನಿಗೆ ಇನ್ನೂ ನೂರು ವರ್ಷ ತುಂಬಿಲ್ಲ. 1930-31ರಲ್ಲಿ ರಾಮನಾಥ ಚೋಪ್ರಾ ನೇತೃತ್ವದ ಸಮಿತಿ ಭಾರತದ ಮಾರುಕಟ್ಟೆಯಲ್ಲಿ ಕಲಬೆರಕೆ, ಸತ್ವಹೀನ ಔಷಧಗಳ ಹಾವಳಿಯನ್ನು ಪರಿಶೀಲಿಸಿತು. ಅದರ ಫಲ 1940ರ ಔಷಧ ಕಾಯ್ದೆ. ಅಂದು ಎದುರಿಗಿದ್ದವನು ಕಲಬೆರಕೆ ವ್ಯಾಪಾರಿ. ಹಾಗಾಗಿ ಕಾಯ್ದೆಯ ಮೈಕಟ್ಟು ಪೊಲೀಸ್ ಕಾಯ್ದೆಯದು. ಇನ್‌ಸ್ಪೆಕ್ಟರ್ ಅಂಗಡಿಯಲ್ಲಿ ಮಾದರಿ ತೆಗೆದು ನಾಲ್ಕು ಪಾಲು ಮಾಡುತ್ತಾನೆ, ಸರ್ಕಾರಿ ವಿಶ್ಲೇಷಕ ವರದಿ ಕೊಡುತ್ತಾನೆ. 28 ದಿನದೊಳಗೆ ಎದುರು ಪಾರ್ಟಿ ತಕರಾರು ಹೇಳದಿದ್ದರೆ ಆ ವರದಿಯೇ ಅಂತಿಮ ಸಾಕ್ಷ್ಯ, ತಕರಾರು ಹೇಳಿದರೆ ಕೇಂದ್ರ ಪ್ರಯೋಗಾಲಯ. ಆರೋಪಿಯ ಹಕ್ಕು ಕಾಯಲು ಇದು ಒಳ್ಳೆಯ ಏರ್ಪಾಡು. ಆದರೆ ಹೆರಿಗೆ ವಾರ್ಡು ನ್ಯಾಯಾಲಯವಲ್ಲ. ಕಾಯ್ದೆಯ 22ನೆಯ ಕಲಮು ದಾಸ್ತಾನನ್ನು 20 ದಿನದವರೆಗೆ ವಿಲೇವಾರಿ ಮಾಡಬೇಡಿ ಎಂದು ಆದೇಶಿಸುವ ಅಧಿಕಾರವನ್ನು ಇನ್‌ಸ್ಪೆಕ್ಟರಿಗೆ ಕೊಟ್ಟಿದೆ. ಅಲ್ಲೂ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿರಬೇಕು ಎಂಬ ಷರತ್ತು. ಯಾರೂ ತಪ್ಪು ಮಾಡದೆಯೂ, ಯಂತ್ರ ಕೆಟ್ಟು, ಬಾಟಲಿ ಬಿರಿದು, ಬಿಸಿಲಲ್ಲಿ ಲಾರಿ ನಿಂತು ಔಷಧ ಕೆಡಬಹುದು ಎಂಬ ಕಲ್ಪನೆ ಆ ವಾಕ್ಯದಲ್ಲಿಲ್ಲ. ಇನ್ನು 20 ದಿನದ ಮಾತು. ನಿರ್ಜಂತುಕತೆಯ ಪರೀಕ್ಷೆಯಲ್ಲಿ ಮಾದರಿಯನ್ನು ಇಟ್ಟು ಕಾಯುವುದಕ್ಕೇ 14 ದಿನ ಬೇಕು.

ನಾನು ಕೇಳುವುದು ಇಷ್ಟೇ: ಎರಡು ಕೆಲಸಕ್ಕೆ ಎರಡು ಅಳತೆ ಇರಲಿ. ಕಂಪನಿಯ ಪರವಾನಗಿ ಕಿತ್ತುಕೊಳ್ಳಲು, ಮಾಲೀಕನನ್ನು ಜೈಲಿಗೆ ಕಳಿಸಲು ಗಟ್ಟಿ ಪುರಾವೆ ಬೇಕೇ ಬೇಕು. ಒಂದು ಬ್ಯಾಚಿನ ಬಾಟಲಿಗಳನ್ನು ಇಂದು ರಾತ್ರಿಯಿಂದ ಬಳಸದೆ ಪಕ್ಕಕ್ಕಿಡಲು ಸಮಂಜಸವಾದ ಅನುಮಾನ ಸಾಕು. ಇದಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ, ಏಕೆಂದರೆ ಸರ್ಕಾರಿ ಆಸ್ಪತ್ರೆಯ ಔಷಧದ ವಿಷಯದಲ್ಲಿ ಸರ್ಕಾರ ಬರಿಯ ನಿಯಂತ್ರಕನಲ್ಲ, ಗಿರಾಕಿಯೂ ಹೌದು. ಅಂಗಡಿಯಿಂದ ತಂದ ಸರಕಿನ ಮೇಲೆ ಅನುಮಾನ ಬಂದ ಗಿರಾಕಿ ಅದನ್ನು ಬಳಸದೆ ಇಡಲು ಯಾವ ಕೋರ್ಟಿನ ಅಪ್ಪಣೆಯನ್ನೂ ಕೇಳಬೇಕಿಲ್ಲ. ಸರಬರಾಜು ನಿಗಮ ತನ್ನ ಟೆಂಡರಿನ ಕರಾರಿನಲ್ಲೇ ಇದನ್ನು ಬರೆಯಬಹುದು: ಗಂಭೀರ ದುಷ್ಪರಿಣಾಮದ ವರದಿ ಬಂದ ಬ್ಯಾಚನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಾಗುವುದು, ತಡೆ ಎಂದರೆ ದೋಷಾರೋಪವಲ್ಲ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಗಳೂ ಪ್ರಾಣಾಪಾಯವಿರುವ ಮೊದಲ ದರ್ಜೆಯ ಔಷಧ ವಾಪಸಾತಿಗೆ 24 ಗಂಟೆ, ಹೆಚ್ಚೆಂದರೆ 72 ಗಂಟೆ ಎನ್ನುತ್ತವೆ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಯಾರಾದರೂ ಗುಂಡಿ ಒತ್ತಿದ ಮೇಲೆ. ಒತ್ತಬೇಕಾದ ಬೆರಳು ಇರುವುದು ದೆಹಲಿಯಲ್ಲಲ್ಲ, ಸಿಂಧನೂರಿನ ವಾರ್ಡಿನಲ್ಲಿ.

ಅಲ್ಲಿಗೇ ಬರೋಣ. ಬಳ್ಳಾರಿಯಲ್ಲಿ ಅನುಮಾನ ಹುಟ್ಟಿದ್ದು ಒಂದೇ ಸೂರಿನಡಿ ಮೂರು ದಿನದಲ್ಲಿ 34 ಶಸ್ತ್ರಚಿಕಿತ್ಸೆಗಳಾಗಿ, ಏಳು ಮಂದಿ ಒಂದೇ ಬಗೆಯಲ್ಲಿ ಕುಸಿದದ್ದರಿಂದ. ದೊಡ್ಡ ಆಸ್ಪತ್ರೆಯಲ್ಲಿ ಆಕಾರ ಕಣ್ಣಿಗೆ ಬೀಳುತ್ತದೆ. ಅದೇ ಏಳು ಮಂದಿ ಸಿಂಧನೂರು, ಲಿಂಗಸುಗೂರು, ಮಸ್ಕಿ, ಮಾನ್ವಿ, ದೇವದುರ್ಗಗಳಲ್ಲಿ ಒಬ್ಬಿಬ್ಬರಾಗಿ ಹಂಚಿಹೋಗಿದ್ದರೆ ಪ್ರತಿ ವೈದ್ಯನೂ 'ನನ್ನ ರೋಗಿಯ ದುರದೃಷ್ಟ' ಎಂದುಕೊಳ್ಳುತ್ತಿದ್ದ. ಐದು ಕಡೆ ಐದು ಬೇರೆ ಬೇರೆ ಕಾರಣ ಬರೆಯಲ್ಪಡುತ್ತಿತ್ತು. ಇದಕ್ಕಿಂತ ತೊಡಕಿನದು ರೆಫರಲ್. ಸಿಂಧನೂರಿನಲ್ಲಿ ಆಪರೇಷನ್ ಆಗಿ ಪರಿಸ್ಥಿತಿ ಬಿಗಡಾಯಿಸಿದ ತಾಯಿಯನ್ನು ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಬಳ್ಳಾರಿಗೋ ಸಾಗಿಸುತ್ತಾರೆ. ಸಾವು ಬರೆಯಲ್ಪಡುವುದು ದೊಡ್ಡ ಆಸ್ಪತ್ರೆಯ ಪುಸ್ತಕದಲ್ಲಿ. ಏರಿಸಿದ ಬಾಟಲಿಯ ಬ್ಯಾಚ್ ಸಂಖ್ಯೆ, ಯಾರಾದರೂ ಬರೆದಿದ್ದರೆ, ತಾಲ್ಲೂಕು ಆಸ್ಪತ್ರೆಯ ಕೇಸ್‌ಶೀಟಿನಲ್ಲಿ. ಖಾಲಿ ಬಾಟಲಿ ಅಷ್ಟರಲ್ಲಿ ಕಸದ ಪಾಲಾಗಿರುತ್ತದೆ. ಬಾಣಂತಿಯರ ಸಾವಿನ ಪರಿಶೀಲನೆ ಆರೋಗ್ಯ ಇಲಾಖೆಯ ಒಂದು ದಾರಿಯಲ್ಲಿ ಸಾಗುತ್ತದೆ, ಔಷಧ ದುಷ್ಪರಿಣಾಮದ ವರದಿ ಇನ್ನೊಂದು ದಾರಿಯಲ್ಲಿ, ಔಷಧದ ಗುಣಪರೀಕ್ಷೆ ಮೂರನೆಯದರಲ್ಲಿ. ಮೂರೂ ಒಂದೇ ತಾಯಿಯ ಬಗ್ಗೆ ಎಂದು ಗೊತ್ತಾಗುವ ಕೂಡುರಸ್ತೆ ಎಲ್ಲಿದೆ?

ಆ ಎರಡನೆಯ ದಾರಿಯ ಹೆಸರು ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮ. 2010ರಲ್ಲಿ ಶುರುವಾಗಿ, 2011ರಿಂದ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಿಂದ ನಡೆಯುತ್ತಿದೆ. ಇಲ್ಲಿಯ ವರದಿಗಳು ಸ್ವೀಡನ್ನಿನ ಉಪ್ಸಾಲಾ ಕೇಂದ್ರದ ಜಾಗತಿಕ ಭಂಡಾರಕ್ಕೂ ಸೇರುತ್ತವೆ. ನಾನು ಹುಡುಕುತ್ತಿರುವ 'ಅನುಮಾನದ ಜಾಗ' ಭಾರತದಲ್ಲಿ ಎಲ್ಲಾದರೂ ಇದ್ದರೆ ಅದು ಇಲ್ಲೇ. ವೈದ್ಯರು ತುಂಬುವ ನಮೂನೆಯಲ್ಲಿ ಬ್ಯಾಚ್ ಸಂಖ್ಯೆಗೆ ಒಂದು ಮನೆ ಇದೆ. ಪುರಾವೆ ಬೇಡ, ಅನುಮಾನ ಸಾಕು. ವರದಿ ಕೊಟ್ಟ ಮಾತ್ರಕ್ಕೆ ವೈದ್ಯರಾಗಲಿ ಔಷಧವಾಗಲಿ ತಪ್ಪಿತಸ್ಥ ಎಂದು ಒಪ್ಪಿಕೊಂಡಂತೆ ಅಲ್ಲ ಎಂದೂ ಅದರಲ್ಲೇ ಬರೆದಿದೆ. ರೋಗಿಯ ಕಡೆಯವರೇ ತುಂಬುವ ನಮೂನೆ ಕನ್ನಡದಲ್ಲೂ ಬಂಗಾಳಿಯಲ್ಲೂ ಇದೆ. ಪೂರ್ವ ಬಂಗಾಳದಿಂದ ಬಂದು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಿರುವ ಈ ತಾಲ್ಲೂಕಿಗೆ ಎರಡೂ ಬೇಕು. 1800-180-3024 ಎಂಬ ಉಚಿತ ದೂರವಾಣಿಯೂ ಇದೆ. ಇಷ್ಟೆಲ್ಲ ಇದ್ದೂ ಈ ಕಾರ್ಯಕ್ರಮ ಬೇರೂರಿರುವುದು ಹೆಚ್ಚಾಗಿ ವೈದ್ಯಕೀಯ ಕಾಲೇಜುಗಳಲ್ಲಿ, ಅಲ್ಲಿನ ಔಷಧಶಾಸ್ತ್ರ ವಿಭಾಗಗಳಲ್ಲಿ. ಹೆರಿಗೆಗಳಾಗುವ ತಾಲ್ಲೂಕು ಆಸ್ಪತ್ರೆಗೆ ಅದು ದೂರದ ನೆಂಟ.

ಈಗ ಆಕ್ಷೇಪಗಳು. ಎಲ್ಲಕ್ಕಿಂತ ತೂಕದ್ದನ್ನು ಮೊದಲು ತೆಗೆದುಕೊಳ್ಳುತ್ತೇನೆ. ನಮ್ಮ ಭಾಗದಲ್ಲಿ ಬಾಣಂತಿಯರು ಸಾಯುವುದು ಬಾಟಲಿಯಿಂದಲ್ಲ. ರಕ್ತಹೀನತೆ, ರಕ್ತಸ್ರಾವ, ಏರಿದ ರಕ್ತದೊತ್ತಡ, ಎಳೆಯ ವಯಸ್ಸಿನ ಮದುವೆ, ಖಾಲಿ ಬಿದ್ದ ತಜ್ಞರ ಹುದ್ದೆ, ತಡವಾಗಿ ಬಂದ ಆಂಬುಲೆನ್ಸ್ ಇವು ಕಾರಣ. ಔಷಧದ ಮೇಲೆ ಬೆರಳು ತೋರಿಸಿದರೆ ಆಡಳಿತಕ್ಕೆ ನುಣುಚಿಕೊಳ್ಳಲು ಸುಲಭ. ಮಾತು ನಿಜ. ರಾಜ್ಯದ ಪರಿಶೋಧನೆಯೇ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 464 ತಾಯಂದಿರ ಸಾವನ್ನು ಲೆಕ್ಕ ಹಾಕಿ, ಶೇ 70ಕ್ಕೂ ಹೆಚ್ಚನ್ನು ತಡೆಯಬಹುದಿತ್ತು ಎಂದಿತು. ರಿಂಗರ್ ಲ್ಯಾಕ್ಟೇಟಿನ ಜೊತೆ ಸಂಬಂಧವಿರಬಹುದೆಂದು ಅದು ಶಂಕಿಸಿದ್ದು 18ರಲ್ಲಿ. ಉಳಿದ ನೂರಾರು ಸಾವುಗಳ ಉತ್ತರ ಔಷಧ ಕಾನೂನಿನಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಇದೇ ಸಂಖ್ಯೆ ಇನ್ನೊಂದನ್ನೂ ಹೇಳುತ್ತದೆ. ಬೇರೆ ಕಾರಣಗಳ ಸಾವು ಇಷ್ಟು ದಟ್ಟವಾಗಿರುವ ಕಡೆ ಔಷಧದ ಸಾವು ಅವುಗಳ ನಡುವೆ ಸುಲಭವಾಗಿ ಅಡಗುತ್ತದೆ. 'ಮೊದಲೇ ರಕ್ತ ಕಡಿಮೆ ಇತ್ತು' ಎಂಬ ಒಂದು ವಾಕ್ಯ ಕೇಸ್‌ಶೀಟಿನಲ್ಲಿ ಬಂದರೆ ಬಾಟಲಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಸಾವು ಅಪರೂಪವಾಗಿರುವ ಊರಿಗಿಂತ ಸಾವು ಸಾಮಾನ್ಯವಾಗಿರುವ ಊರಿನಲ್ಲಿ ಬ್ಯಾಚ್ ಸಂಖ್ಯೆಯ ಅಗತ್ಯ ಹೆಚ್ಚು.

ಎರಡನೆಯದು ಕೊರತೆಯ ಭಯ. ಅನುಮಾನ ಬಂದಾಗಲೆಲ್ಲ ದ್ರಾವಣ ನಿಲ್ಲಿಸಿದರೆ, ರಕ್ತಸ್ರಾವದ ತಾಯಿಗೆ ಏನು ಕೊಡುವುದು? ದ್ರಾವಣವಿಲ್ಲದೆಯೂ ಜನ ಸಾಯುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವವನಿಗೆ ರಾತ್ರಿ ಪಾಳಿಯ ಹೆರಿಗೆ ವಾರ್ಡು ಗೊತ್ತಿಲ್ಲ ಎನ್ನಬೇಕು. ಆದರೆ ನಾನು ನಿಲ್ಲಿಸಿ ಎನ್ನುತ್ತಿರುವುದು ಬ್ಯಾಚನ್ನು, ಔಷಧವನ್ನಲ್ಲ. ಬ್ಯಾಚ್ ಸಂಖ್ಯೆ ಗೊತ್ತಿಲ್ಲದಿದ್ದಾಗಲೇ ಇಡೀ ಕಂಪನಿಯ, ಇಡೀ ರಾಜ್ಯದ ದಾಸ್ತಾನನ್ನು ತಡೆಯಬೇಕಾಗುವುದು, ಆಗಲೇ ಕೊರತೆ ಬರುವುದು. ಬಳ್ಳಾರಿಯ ನಂತರ ಆ ಕಂಪನಿಯ ದ್ರಾವಣವನ್ನೆಲ್ಲ ನಿಲ್ಲಿಸಬೇಕಾಯಿತಲ್ಲ. ಜೊತೆಗೆ ಒಂದೇ ಅತಿ ಕಡಿಮೆ ದರದವನಿಗೆ ಇಡೀ ರಾಜ್ಯದ ಗುತ್ತಿಗೆ ಕೊಡುವ ಬದಲು ಇಬ್ಬರಿಗೆ ಹಂಚಿದರೆ, ಒಬ್ಬನ ಬಾಟಲಿ ತಡೆದಾಗ ಇನ್ನೊಬ್ಬನದು ಕಪಾಟಿನಲ್ಲಿರುತ್ತದೆ. ಅದಕ್ಕೆ ಖರ್ಚು ಹೆಚ್ಚು, ಹೌದು. ಆ ಖರ್ಚನ್ನು ಔಷಧದ ಬೆಲೆಯೊಳಗೇ ಸೇರಿದ್ದೆಂದು ಲೆಕ್ಕ ಹಾಕಬೇಕು.

ಕಂಪನಿಗಳ ಪರವಾದ ವಾದಕ್ಕೆ ಹೆಚ್ಚು ಹೊತ್ತು ಬೇಡ. ಸುಳ್ಳು ಅನುಮಾನದಿಂದ ಹೆಸರು ಕೆಡುತ್ತದೆ ಎನ್ನುವುದಾದರೆ, ತಡೆಯ ಅವಧಿಯಲ್ಲಿ ಕಂಪನಿಯ ಹೆಸರನ್ನು ಗುಪ್ತವಾಗಿಡಿ, ತಡೆ ತೆರವಾದರೆ ಬಾಟಲಿಯ ಹಣ ಕೊಡಿ. ಕೇಂದ್ರ ಪ್ರಯೋಗಾಲಯಕ್ಕೆ ಮೇಲ್ಮನವಿ ಹೋಗುವ ಹಕ್ಕು ಶಿಕ್ಷೆಯ ವಿಷಯದಲ್ಲಿ ಪೂರ್ತಿ ಇರಲಿ. ಆ ಹಕ್ಕು ಬಾಟಲಿಯನ್ನು ವಾರ್ಡಿಗೆ ವಾಪಸು ತರುವ ಹಕ್ಕಾಗಬಾರದು, ಅಷ್ಟೇ. ಹತ್ತು ಬಾಟಲಿ ಪರೀಕ್ಷಿಸಿದ ಎರಡನೆಯ ವರದಿ ಮೊದಲ ವರದಿಯನ್ನು ಕಾನೂನಿನ ಕಣ್ಣಿನಲ್ಲಿ ಅಳಿಸಬಹುದು. ಮೊದಲ ವರದಿ ಕಂಡ ಕೆಟ್ಟ ಬಾಟಲಿಯನ್ನು ಅದು ಅಳಿಸಲಾರದು. ಎರಡು ಪ್ರಯೋಗಾಲಯಗಳು ಭಿನ್ನವಾಗಿ ಹೇಳಿದಾಗ ಬ್ಯಾಚು ಸಮವಾಗಿಲ್ಲ ಎಂದು ತಿಳಿಯುವುದೇ ಹೆಚ್ಚು ವಿವೇಕದ ಓದು.

ವೈದ್ಯರ ಭಯ ಇದಕ್ಕಿಂತ ನಿಜವಾದದ್ದು. ಬಾಣಂತಿ ಸತ್ತ ಕೂಡಲೇ ಆಸ್ಪತ್ರೆಯ ಮುಂದೆ ಜನ ಸೇರುತ್ತಾರೆ, ಪ್ರತಿಭಟನೆಯಾಗುತ್ತದೆ, ಮೊದಲ ಅಮಾನತು ತಾಲ್ಲೂಕಿನ ವೈದ್ಯನದೋ ನರ್ಸಿನದೋ ಆಗಿರುತ್ತದೆ. ಅಂಥ ಹೊತ್ತಿನಲ್ಲಿ 'ನನಗೆ ಈ ಔಷಧದ ಮೇಲೆ ಅನುಮಾನವಿದೆ' ಎಂದು ಬರೆದರೆ ತನ್ನ ತಪ್ಪು ಮುಚ್ಚಲು ಬರೆದ ಎನ್ನುತ್ತಾರೆ. ಬರೆಯದಿದ್ದರೆ ಯಾರೂ ಕೇಳುವುದಿಲ್ಲ. ಬರೆಯದಿರುವುದೇ ಜಾಣತನವಾಗಿರುವ ಕಡೆ ಎಷ್ಟು ನಮೂನೆ ಅಚ್ಚು ಹಾಕಿಸಿದರೂ ಅವು ಕಪಾಟಿನಲ್ಲೇ ಇರುತ್ತವೆ. ಹಾಗಾಗಿ ವರದಿಯನ್ನು ವೈದ್ಯನ ಧೈರ್ಯಕ್ಕೆ ಬಿಡಬಾರದು, ಕೆಲಸದ ರೂಢಿಗೆ ಸೇರಿಸಬೇಕು. ಪ್ರತಿ ಬಾಟಲಿ ಏರಿಸುವಾಗ ಅದರ ಬ್ಯಾಚ್ ಸಂಖ್ಯೆಯನ್ನು ಕೇಸ್‌ಶೀಟಿಗೆ ಬರೆಯುವುದು, ರೋಗಿ ಬೇರೆ ಆಸ್ಪತ್ರೆಗೆ ಹೋದರೆ ಆ ಹಾಳೆಯ ಪ್ರತಿ ರೆಫರಲ್ ಚೀಟಿಯ ಜೊತೆ ಹೋಗುವುದು, ಆಪರೇಷನ್ ಆದ ತಾಯಿಗೆ ಮೂತ್ರ ನಿಂತರೆ ಅಥವಾ ಹಠಾತ್ ಚಳಿಜ್ವರ ಬಂದರೆ ಯಾರ ತಪ್ಪು ಎಂದು ಕೇಳದೆ ಫಾರ್ಮಸಿಸ್ಟನೇ ಅಂದೇ ವರದಿ ಕಳಿಸುವುದು. ಅನುಮಾನ ಪಡುವ ಹೊಣೆ ಆಗ ಒಬ್ಬ ವ್ಯಕ್ತಿಯದಾಗಿರುವುದಿಲ್ಲ. ಯಾವ ಬ್ಯಾಚು ಯಾವ ಆಸ್ಪತ್ರೆಗೆ ಹೋಯಿತು ಎಂಬುದು ಸರಬರಾಜು ನಿಗಮದ ಬಳಿ ಹೇಗೂ ಇರುತ್ತದೆ. ಕೊರತೆ ಇರುವುದು ಆಸ್ಪತ್ರೆಯ ಉಗ್ರಾಣದಿಂದ ಹಾಸಿಗೆಯವರೆಗಿನ ಕೊನೆಯ ಐವತ್ತು ಗಜದಲ್ಲಿ.

ಇದರಾಚೆ ಒಂದು ಪ್ರದೇಶವಿದೆ, ಅದಕ್ಕೆ ನನ್ನ ವಾದ ಪೂರ್ತಿ ತಲುಪುವುದಿಲ್ಲ. ನಾಟಿ, ಕಳೆ ಕೆಲಸದಲ್ಲಿ ಬಸವಳಿದ ಕೂಲಿಕಾರರು ಹಳ್ಳಿಯ ಆರ್‌ಎಂಪಿ ಡಾಕ್ಟರ ಬಳಿ ಹೋಗಿ ಸಲಾಯಿನ್ ಹಚ್ಚಿಸಿಕೊಂಡು ಸಂಜೆ ಮನೆಗೆ ಬರುವುದು ನಮ್ಮ ಭಾಗದ ತಾಲ್ಲೂಕುಗಳಲ್ಲಿ ಹೊಸದಲ್ಲ. ಅಲ್ಲಿ ಕೇಸ್‌ಶೀಟ್ ಇಲ್ಲ, ಬ್ಯಾಚ್ ಸಂಖ್ಯೆ ಬರೆಯುವವರಿಲ್ಲ, ಚಳಿಜ್ವರ ಬಂದರೆ ಇನ್ನೊಂದು ಇಂಜೆಕ್ಷನ್. ಆ ಚಿಕಿತ್ಸೆಯೇ ಅನಧಿಕೃತವಾದ್ದರಿಂದ ಅದರ ದುಷ್ಪರಿಣಾಮವೂ ಅಧಿಕೃತವಾಗಿ ಇಲ್ಲ. ಅಲ್ಲಿಗೆ ಬಾಟಲಿ ಹೋಗುವುದು ಮಾತ್ರ ಪರವಾನಗಿ ಇರುವ ಮೆಡಿಕಲ್ ಶಾಪಿನಿಂದ, ಸಗಟು ವ್ಯಾಪಾರಿಯ ಬಿಲ್ಲಿನ ಮೇಲೆ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆಯ ಸಮೇತ. ಬೆಂಗಳೂರಿನಿಂದ ಒಂದು ಬ್ಯಾಚಿಗೆ ತಡೆ ಬಿದ್ದ ದಿನ ಲಿಂಗಸುಗೂರಿನ ಸಗಟು ಅಂಗಡಿಗೆ ಆ ಸಂದೇಶ ಎಷ್ಟು ಗಂಟೆಗೆ ಮುಟ್ಟಿತು, ಅಲ್ಲಿನ ವ್ಯಾಪಾರಿ ಯಾವ ಚಿಲ್ಲರೆ ಅಂಗಡಿಗೆ ಫೋನ್ ಮಾಡಿದ ಎಂಬುದನ್ನು ಔಷಧ ನಿಯಂತ್ರಣ ಇಲಾಖೆ ಬರೆದಿಟ್ಟುಕೊಳ್ಳಬಹುದು. ಅಷ್ಟಕ್ಕೆ ಈಗಿರುವ ಇನ್‌ಸ್ಪೆಕ್ಟರುಗಳೂ ಈಗಿರುವ ಪರವಾನಗಿ ಷರತ್ತುಗಳೂ ಸಾಕು.